‘ಕ್ಷ’ ಮುಗೀತು ಸ್ವಾಮಿ

ಮದ್ದೂರಿನ ಲೇಖಕಿಗೆ,

ನೀವು ಕಳಿಸಿದ ‘ದೇಹವೆಂಬ ಕೋಟೆ: ಮಕ್ಕಳು ಮತ್ತು ಮಲೇರಿಯಾ’ ತಲುಪಿತು. ಕಾಗುಣಿತದ ತಪ್ಪಿಲ್ಲ, ಹೇಳಿದ ಅಳತೆಗೆ ಬರೆದಿದ್ದೀರಿ, ಬರೆಯುವ ಮುಂಚೆ ಸಾಕಷ್ಟು ಓದಿದ್ದೀರಿ. ಸಂತೋಷ. ಇನ್ನು ಜಗಳಕ್ಕೆ ಬರುತ್ತೇನೆ.

ನಿಮ್ಮ ಎರಡನೇ ಸಾಲು: ‘ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ಕಡಿಮೆ ಇರುವುದರಿಂದ ಮಲೇರಿಯಾ ಅವರನ್ನು ಬೇಗ ಬಲಿ ತೆಗೆದುಕೊಳ್ಳುತ್ತದೆ.’ ಇಲ್ಲಿಗೇ ನನ್ನ ಕಾಫಿ ಆರಿಹೋಯಿತು. ಈ ಶಕ್ತಿಯೇನು ಸೇರಿನಲ್ಲಿ ಅಳೆಯುವ ರಾಗಿಯೇ, ಮಕ್ಕಳಿಗೆ ಅರ್ಧ ಸೇರು, ದೊಡ್ಡವರಿಗೆ ಎರಡು ಸೇರು ಅನ್ನೋಕೆ? ಹಾಗಿದ್ದರೆ ಮಂಡ್ಯದ ಗಟ್ಟಿ ಆಳೊಬ್ಬ, ನಲವತ್ತು ವರ್ಷದವನು, ಕೆಲಸಕ್ಕೆಂದು ಆಫ್ರಿಕಾದ ಮಲೇರಿಯಾ ಸೀಮೆಗೆ ಹೋದರೆ ಅವನಿಗೇನೂ ಆಗಬಾರದು, ಅಲ್ವಾ? ಆದರೆ ಅಲ್ಲಿ ಅವನ ಮೈಯೂ ಮಗುವಿನ ಮೈಯಷ್ಟೇ ಹೊಸದು. ಆ ರೋಗಾಣುವನ್ನು ಮುಂಚೆ ಕಂಡೇ ಇಲ್ಲ. ಅದೇ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಸೊಳ್ಳೆ ಕಚ್ಚುತ್ತಲೇ ಇದ್ದರೂ ಜ್ವರ ಅಪರೂಪ. ಅವನೂ ನಾಲ್ಕಾರು ವರ್ಷ ಮಲೇರಿಯಾ ಇಲ್ಲದ ದೇಶದಲ್ಲಿದ್ದು ಬಂದರೆ ಕಲಿತದ್ದರಲ್ಲಿ ಒಂದಷ್ಟನ್ನು ಮರೆತಿರುತ್ತಾನೆ. ಇನ್ನು ಎಳೆಗೂಸು ನೋಡಿ. ನಿಮ್ಮ ಲೆಕ್ಕದಲ್ಲಿ ಎಲ್ಲರಿಗಿಂತ ದುರ್ಬಲ ಅದೇ ಆಗಬೇಕು. ಆದರೆ ಮೊದಲ ಐದಾರು ತಿಂಗಳು ಕೂಸಿಗೆ ಮಲೇರಿಯಾ ಜೋರಾಗಿ ಬರುವುದು ಕಡಿಮೆ. ಹೊಟ್ಟೆಯಲ್ಲಿದ್ದಾಗಲೇ ತಾಯಿ ಕೊಟ್ಟ ಆಂಟಿಬಾಡಿ, ಅಂದರೆ ರೋಗಾಣುವನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನು, ಅದರ ರಕ್ತದಲ್ಲಿರುತ್ತದೆ. ಅದು ಕರಗಿದ ಮೇಲೆ ಕಷ್ಟ ಶುರು.

1961ರಲ್ಲಿ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಕೋಹೆನ್, ಮ್ಯಾಕ್‌ಗ್ರೆಗರ್ ಮತ್ತು ಕ್ಯಾರಿಂಗ್ಟನ್ ಎಂಬ ಸಂಶೋಧಕರು ಒಂದು ಕೆಲಸ ಮಾಡಿದರು. ಅಲ್ಲಿನ ದೊಡ್ಡವರ ರಕ್ತದಿಂದ ಆಂಟಿಬಾಡಿ ಇರುವ ಭಾಗವನ್ನು ಬೇರೆ ಮಾಡಿ ಮಲೇರಿಯಾ ಬಂದ ಮಕ್ಕಳಿಗೆ ಚುಚ್ಚಿದರು. ಮಕ್ಕಳ ರಕ್ತದಲ್ಲಿ ರೋಗಾಣು ಇಳಿಯಿತು. ಮಕ್ಕಳಿಗೆ ಕಡಿಮೆಯಿದ್ದದ್ದು ಶಕ್ತಿಯಲ್ಲ, ಪರಿಚಯ. ನಿಮ್ಮ ಎರಡನೇ ಸಾಲು ಇದನ್ನೇ ಮುಚ್ಚಿಹಾಕುತ್ತದೆ.

ಆಮೇಲೆ ಈ ಯುದ್ಧ. ‘ಟಿ ಕೋಶಗಳೆಂಬ ವೀರಯೋಧರು ರಕ್ತದ ರಣರಂಗದಲ್ಲಿ ಶತ್ರುವನ್ನು ಸಂಹರಿಸುತ್ತಾರೆ.’ ಎಲ್ಲಿ ಸಂಹರಿಸುತ್ತಾರಮ್ಮಾ? ಟಿ ಕೋಶ ಅಂದರೆ ಒಂದು ಬಗೆಯ ಬಿಳಿ ರಕ್ತಕಣ. ಕೊಲ್ಲುವ ಟಿ ಕೋಶ ಒಂದು ಕೋಶವನ್ನು ಕೊಲ್ಲಬೇಕಾದರೆ, ‘ನನ್ನೊಳಗೆ ಯಾರೋ ಹೊಕ್ಕಿದ್ದಾರೆ’ ಅಂತ ಆ ಕೋಶ ಹೊರಗಡೆ ಬೋರ್ಡು ಹಾಕಿರಬೇಕು. ಮಾಗಿದ ಕೆಂಪುಕಣಕ್ಕೆ ನ್ಯೂಕ್ಲಿಯಸ್ಸೂ ಇಲ್ಲ, ಆ ಬೋರ್ಡೂ ಇಲ್ಲ. ರೋಗಾಣು ಅಡಗೋದು ಅಲ್ಲೇ. ಅದಕ್ಕೂ ಮುಂಚೆ ಪಿತ್ತಜನಕಾಂಗದಲ್ಲಿ ಕೆಲವು ದಿನ ಇರುತ್ತದಲ್ಲ, ನಿಮ್ಮ ವೀರಯೋಧರಿಗೆ ಕೆಲಸ ಇರುವುದು ಆಗ. ರೂಪಕ ಚೆಂದ ಕಂಡಿತು ಅಂತ ಕತ್ತಿ ಹಿಡಿದವರನ್ನು ತಪ್ಪು ಊರಿಗೆ ಕಳಿಸಿದ್ದೀರಿ.

ಕೋಟೆ ಕೊತ್ತಲ ಯಾಕೆ? ನಿಮ್ಮೂರಿಗೆ ಹಗಲುವೇಷದವರು ಬರುತ್ತಿರಲಿಲ್ವಾ? ಇವತ್ತು ರಾಮ, ನಾಳೆ ರಾವಣ, ನಾಡಿದ್ದು ಇನ್ನೊಂದು. ಮಲೇರಿಯಾ ರೋಗಾಣುಗಳಲ್ಲೇ ಅತಿ ಮಾರಕವಾದ ಫಾಲ್ಸಿಪಾರಂ ಆಡುವುದು ಇದೇ ಆಟ. ಹೊಕ್ಕ ಕೆಂಪುಕಣದ ಮೇಲೆ ಅದು ಒಂದು ಪ್ರೋಟೀನನ್ನು ಹೊರಚಾಚುತ್ತದೆ. ಆ ಪ್ರೋಟೀನಿಗೆ ಅದರ ಬಳಿ ಸುಮಾರು 60 ಜೀನುಗಳಿವೆ, ಅಂದರೆ 60 ವೇಷ. ಮಗುವಿನ ಮೈ ಒಂದು ವೇಷವನ್ನು ಗುರುತು ಹಿಡಿದು ಆಂಟಿಬಾಡಿ ಮಾಡುವ ಹೊತ್ತಿಗೆ ಇನ್ನೊಂದು ವೇಷ ಬಂದಿರುತ್ತದೆ. ಮುಂದಿನ ಸಲ ಕಚ್ಚುವ ಸೊಳ್ಳೆ ತರುವ ತಳಿಯ ವೇಷಗಳೇ ಬೇರೆ. ಒಂದೊಂದೇ ಗುರುತು ಸಿಕ್ಕುತ್ತಾ ಹೋಗಲು ವರ್ಷಗಳು ಬೇಕು. ಮೈ ಮೊದಲು ಕಲಿಯುವುದು ಸಾಯದೆ ಉಳಿಯುವುದನ್ನು, ಆಮೇಲೆ ಜ್ವರ ಬಾರದ ಹಾಗೆ ನೋಡಿಕೊಳ್ಳುವುದನ್ನು. ರೋಗಾಣುವನ್ನು ಪೂರ್ತಿ ಹೊರಗಿಡುವ ವಿದ್ಯೆ ದೊಡ್ಡವರಿಗೂ ಬರುವುದಿಲ್ಲ.

ಇನ್ನೊಂದು ನನ್ನ ಸ್ವಂತ ಸಿಟ್ಟು. ರಕ್ಷಣಾ ವ್ಯವಸ್ಥೆ, ಪ್ರತಿರಕ್ಷೆ, ರಕ್ಷಾಕವಚ, ಸಂರಕ್ಷಕ ಕಣ, ಸುರಕ್ಷಿತ. ನಿಮ್ಮ ಮೊದಲ ಪುಟದಲ್ಲೇ 14 ‘ಕ್ಷ’. ಎಣಿಸಿದ್ದೇಕೆ ಅಂದರೆ, 1982ರಲ್ಲಿ ನಾನು ಮೈಸೂರಿನ ಒಂದು ಸಂಜೆ ಪತ್ರಿಕೆಗೆ ಸೇರಿದೆ. ಆಗ ಸೀಸದ ಅಚ್ಚುಮೊಳೆ ಒಂದೊಂದಾಗಿ ಜೋಡಿಸುವ ಕಾಲ, ಒಂದೊಂದು ಅಕ್ಷರಕ್ಕೂ ಇಷ್ಟೇ ಮೊಳೆ. ಹುಚ್ಚು ಉತ್ಸಾಹದಲ್ಲಿ ಮಕ್ಕಳ ಲಸಿಕೆ ಬಗ್ಗೆ ಮುಕ್ಕಾಲು ಪುಟ ಬರೆದುಕೊಟ್ಟೆ. ಅರ್ಧ ಗಂಟೆಗೆ ಕಂಪೋಸಿಂಗ್ ಯಜಮಾನರು ಮಸಿ ಬೆರಳಲ್ಲಿ ನನ್ನ ಹಾಳೆ ಹಿಡಿದು ಬಂದರು. ‘ಕ್ಷ ಮುಗೀತು ಸ್ವಾಮಿ. ಇನ್ನು ಸಂಜೆವರೆಗೂ ಯಾರನ್ನೂ ರಕ್ಷಿಸೋಕಾಗಲ್ಲ.’ ಎಲ್ಲರೂ ನಕ್ಕರು. ನಾನು ಕೂತು ಪ್ರತಿ ‘ರಕ್ಷಣೆ’ಯನ್ನೂ ಹೊಡೆದುಹಾಕಿ, ಅಲ್ಲಿ ನಿಜಕ್ಕೂ ಏನಾಗುತ್ತದೆ ಅಂತ ಬರೆಯಬೇಕಾಯಿತು. ಅರ್ಧ ಕಡೆ ನನಗೇ ಗೊತ್ತಿರಲಿಲ್ಲ. ಅವತ್ತು ಆದ ನಾಚಿಕೆ ಇನ್ನೂ ಇದೆ. ಈಗ ಕಂಪ್ಯೂಟರಿನಲ್ಲಿ ಕ್ಷ ಮುಗಿಯುವುದೇ ಇಲ್ಲ, ಅದೇ ಕಷ್ಟ.

ನಾಲ್ಕನೇ ಪುಟದ ಕೊನೆಯಲ್ಲಿ ನೀವು ಸುಮ್ನೆ ಒಂದು ಸಾಲು ಎಸೆದು ಹೋಗಿದ್ದೀರಿ: ‘ಅಜ್ಜಿ ಹುಡುಗಿಯಾಗಿದ್ದಾಗ ಚಳಿಜ್ವರ ಬಂದೂ ಬಂದೂ ಅವರ ತಮ್ಮನ ಹೊಟ್ಟೆಯಲ್ಲಿ ಜ್ವರದ ಗೆಡ್ಡೆ ಕಟ್ಟಿತ್ತಂತೆ.’ ಲೇಖನ ಇರುವುದು ಇಲ್ಲಿ! ಆ ಗೆಡ್ಡೆ ಗುಲ್ಮ. ರಕ್ತ ಸೋಸುವ ಅಂಗ. ರೋಗಾಣು ಹೊಕ್ಕ ಕೆಂಪುಕಣ ಬಿರುಸಾಗುತ್ತದೆ, ಗುಲ್ಮದ ಸಣ್ಣ ಸಂದಿಯಲ್ಲಿ ನುಸುಳಲಾರದೆ ಸಿಕ್ಕಿಬೀಳುತ್ತದೆ. ಸೋಸಿ ಸೋಸಿ ಗುಲ್ಮ ಊದಿಕೊಳ್ಳುತ್ತದೆ. ಇದನ್ನು ತಪ್ಪಿಸಿಕೊಳ್ಳಲೆಂದೇ ಫಾಲ್ಸಿಪಾರಂ ಹೊಕ್ಕ ಕಣಗಳು ರಕ್ತನಾಳದ ಗೋಡೆಗೆ ಅಂಟಿ ಕೂರುತ್ತವೆ. ಮಿದುಳಿನ ನಾಳದಲ್ಲಿ ಕೂತರೆ ಮಗು ಪ್ರಜ್ಞೆ ತಪ್ಪುತ್ತದೆ. ಅಂಟಲು ಬಳಸುವುದು ಆ ವೇಷದ ಪ್ರೋಟೀನನ್ನೇ. ಹಿಂದೆ ಒಂದು ಊರಲ್ಲಿ ಮಲೇರಿಯಾ ಎಷ್ಟಿದೆ ಅಂತ ತಿಳಿಯಲು ವೈದ್ಯರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಎಷ್ಟು ಜನಕ್ಕೆ ಗೆಡ್ಡೆ ಸಿಕ್ಕಿತು ಅನ್ನುವುದೇ ಲೆಕ್ಕ.

ಕೋಟೆ ಕೆಡವಿ ಈ ಸಾಲಿನಿಂದ ಶುರು ಮಾಡಿ. ತಿಂಗಳ ಕೊನೆಗೆ ಬಂದರೆ ಸಾಕು. ಅಜ್ಜಿ ಈಗಲೂ ನಿಮ್ಮ ಜೊತೆಗೇ ಇದ್ದಾರೆ ಅಂತ ಬರೆದಿದ್ದೀರಿ. ಇವತ್ತೇ ಕೇಳಿಬಿಡಿ: ಗೆಡ್ಡೆ ಸಿಗುತ್ತಿದ್ದದ್ದು ಎಡಗಡೆಯೋ ಬಲಗಡೆಯೋ?