ಜ್ವರ ಬಂದ ದಿನ ಮಾತ್ರೆ ಕೊಡಬೇಕಾ, ನಿಲ್ಲಿಸಬೇಕಾ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಒಂದೇ ಕಾಯಿಲೆಯ ಬಗ್ಗೆ ಇದ್ದವು. ಮೆಲನೋಮ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ನಮ್ಮ ಕಡೆ ಅಪರೂಪ, ಹಾಗಾಗಿ ಇದರ ಮಾತ್ರೆಗಳ ಬಗ್ಗೆ ಯಾರನ್ನಾದರೂ ಕೇಳೋಣ ಅಂದರೆ ಊರಲ್ಲಿ ಒಬ್ಬರೂ ಸಿಗುವುದಿಲ್ಲ. ನಾನು ಬಹಳ ವರ್ಷ ಕ್ಯಾನ್ಸರ್ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡಿದವಳು. ಈ ಡಬ್ಬಿಗಳನ್ನು ಕೈಗೆ ಕೊಡುವಾಗ ಏನು ಹೇಳುತ್ತಿದ್ದೆನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮ ಅಪ್ಪನಿಗೆ 61 ವರ್ಷ, ಅಡಿಕೆ ತೋಟ ಇದೆ. ಅಂಗಾಲಿನಲ್ಲಿ ಕಪ್ಪು ಕಲೆ ಇತ್ತು, ಮುಳ್ಳು ಚುಚ್ಚಿದ್ದು ಅಂತ ಎರಡು ವರ್ಷ ಬಿಟ್ಟೆವು. ಈಗ ಆಪರೇಷನ್ ಆಗಿದೆ, ತೊಡೆಸಂದಿನ ಗಂಟಿನಲ್ಲೂ ಇತ್ತಂತೆ. ಗಡ್ಡೆಯ ಜೀನ್ ನೋಡುವ ಬ್ರಾಫ್ ಪರೀಕ್ಷೆ ಪಾಸಿಟಿವ್ ಬಂದು, ಡಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಒಂದು ವರ್ಷ ತಗೊಳ್ಳಿ ಅಂದಿದ್ದಾರೆ. ಮೂರನೇ ವಾರಕ್ಕೆ ಚಳಿ ಜ್ವರ ಬಂತು. ಹೀಟ್ ಆಗಿದೆ ಅಂತ ನೆಂಟರೆಲ್ಲ ಹೇಳಿ ನಾಲ್ಕು ದಿನ ಮಾತ್ರೆ ನಿಲ್ಲಿಸಿದೆವು, ಆಸ್ಪತ್ರೆಗೆ ಹೇಳಲಿಲ್ಲ. ಈಗ ಬಿಟ್ಟುಹೋದ ಮಾತ್ರೆಗಳನ್ನು ಸೇರಿಸಿ ಕೊಡಬಹುದಾ? ಅಪ್ಪನಿಗೆ ಎದ್ದ ಕೂಡಲೇ ಕಾಫಿ ಬೇಕು. ಸಕ್ಕರೆ ಕಾಯಿಲೆಯೂ ಇದೆ. ಅಮೃತಬಳ್ಳಿ ಕಷಾಯವನ್ನೂ ಕೊಡುತ್ತಿದ್ದೇವೆ. (ಹೆಸರು ಬೇಡ, ಸಾಗರ ತಾಲ್ಲೂಕು)

ಉತ್ತರ: ಮೊದಲು ಒಂದು ಮಾತು. ಸೇರಿಸಿ ಕೊಡಲೇಬೇಡಿ. ಬಿಟ್ಟುಹೋದ ಮಾತ್ರೆ ಬಿಟ್ಟುಹೋಯಿತು, ಅದರ ಲೆಕ್ಕ ತೀರಿಸುವ ಹಾಗಿಲ್ಲ. ಈ ಪತ್ರಿಕೆ ಕೈಗೆ ಬರುವ ಹೊತ್ತಿಗೆ ನೀವು ಆಸ್ಪತ್ರೆಗೆ ಫೋನ್ ಮಾಡಿರುತ್ತೀರಿ ಅಂದುಕೊಳ್ಳುತ್ತೇನೆ. ಮಾಡಿಲ್ಲ ಅಂದರೆ ಇದನ್ನು ಪಕ್ಕಕ್ಕಿಟ್ಟು ಈಗಲೇ ಮಾಡಿ, ಆಮೇಲೆ ಮುಂದಕ್ಕೆ ಓದಿ.

ಜ್ವರದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಎರಡು ಔಷಧಿ ಒಟ್ಟಿಗೆ ತಗೊಳ್ಳುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಜ್ವರ ಬರುತ್ತದೆ. ಸಾಮಾನ್ಯವಾಗಿ ಮೊದಲ ಒಂದೆರಡು ತಿಂಗಳಲ್ಲೇ ಬರುತ್ತದೆ. ಹೀಟ್ ಅಲ್ಲ ಅದು, ಔಷಧಿಯದೇ ಗುಣ. ಮೈ 38 ಡಿಗ್ರಿ ಸೆಲ್ಸಿಯಸ್, ಅಂದರೆ ಮನೆಯ ಥರ್ಮಾಮೀಟರಿನಲ್ಲಿ 100.4 ಮುಟ್ಟಿತು ಅಂದರೆ ಎರಡೂ ಮಾತ್ರೆ ತಡೆದು ಆಸ್ಪತ್ರೆಗೆ ಫೋನ್ ಮಾಡಬೇಕು. ಹಿಂದೊಮ್ಮೆ ಜ್ವರ ಬಂದವರು ಚಳಿ, ನಡುಕ ಶುರುವಾದಾಗಲೇ ಹುಷಾರಾಗಬೇಕು. ಜ್ವರ ಬಿಟ್ಟು ಪೂರ್ತಿ 24 ಗಂಟೆ ಕಳೆದ ಮೇಲೆ ಸಾಮಾನ್ಯವಾಗಿ ಮತ್ತೆ ಶುರು ಮಾಡಿಸುತ್ತಾರೆ, ಎಷ್ಟೋ ಸಲ ಅದೇ ಪ್ರಮಾಣದಲ್ಲಿ. ಹಾಗಾಗಿ ನೀವು ಮಾತ್ರೆ ನಿಲ್ಲಿಸಿದ್ದು ತಪ್ಪಲ್ಲ. ಯಾರಿಗೂ ಹೇಳದೆ ನಾಲ್ಕು ದಿನ ಹಾಗೇ ಇದ್ದಿದ್ದು ತಪ್ಪು. ಗದರುವುದಕ್ಕೆ ಹೇಳುತ್ತಿಲ್ಲ. ಮನೆಯಲ್ಲಿ ಒಬ್ಬರೇ ಹೆಣಗುತ್ತಿರುವಾಗ ನೆಂಟರ ಮಾತು ತೆಗೆದುಹಾಕುವುದು ಎಷ್ಟು ಕಷ್ಟ ಅಂತ ಕೌಂಟರಿನ ಈಚೆ ನಿಂತು ನೋಡಿದ್ದೇನೆ.

ಇನ್ನೊಂದು ವಿಷಯ. ನಿಮ್ಮದು ಸಾಗರ. ಮಂಗನ ಕಾಯಿಲೆ ಇದೆ, ಇಲಿಜ್ವರ ಇದೆ, ಮಳೆಗಾಲದಲ್ಲಿ ಡೆಂಗಿ ಇದೆ. ತೋಟದಲ್ಲಿ ಓಡಾಡುವ ಮನುಷ್ಯನಿಗೆ ಬಂದ ಜ್ವರವನ್ನೆಲ್ಲ ಮಾತ್ರೆಯ ತಲೆಗೆ ಕಟ್ಟಿ ಸುಮ್ನೆ ಕೂರುವ ಹಾಗಿಲ್ಲ. ರಕ್ತ ಪರೀಕ್ಷೆ ಆಗಲೇಬೇಕು. ಅಲ್ಲಿಯವರೆಗೆ ವೈದ್ಯರು ಹೇಳಿದಷ್ಟು ಪ್ಯಾರಸಿಟಮಾಲ್ ಕೊಡಿ, ಗಂಜಿ ತಿಳಿ, ಮಜ್ಜಿಗೆ, ನೀರು ಆಗಾಗ ಕುಡಿಸಿ. ಬೇರೆ ನೋವಿನ ಮಾತ್ರೆ ಬೇಡ, ಡೆಂಗಿ ಆಗಿದ್ದರೆ ಅದರಿಂದ ರಕ್ತಸ್ರಾವದ ಭಯ. ಊರಿನ ಡಾಕ್ಟರ ಹತ್ತಿರ ಹೋದಾಗ ಈ ಎರಡು ಔಷಧಿಗಳ ಹೆಸರು ಬರೆದ ಚೀಟಿ ತೋರಿಸಿ, ಅವರೂ ಇದನ್ನು ಮೊದಲ ಸಲ ನೋಡುತ್ತಿರಬಹುದು. ಜ್ವರದ ಜೊತೆ ತಲೆ ಸುತ್ತಿ ಬಿದ್ದರೆ, ಮೂತ್ರ ಕಡಿಮೆಯಾದರೆ, ಮಾತು ತೊದಲಿದರೆ ಬೆಳಗಾಗಲಿ ಅಂತ ಕಾಯಬೇಡಿ. ಬಿಪಿ ಕುಸಿದು ಕಿಡ್ನಿಗೆ ಪೆಟ್ಟು ಬೀಳಬಹುದು.

ಈಗ ಕಾಫಿಗೆ ಬರೋಣ. ಇವು ಖಾಲಿ ಹೊಟ್ಟೆಯ ಮಾತ್ರೆಗಳು. ಊಟಕ್ಕೆ ಒಂದು ಗಂಟೆ ಮುಂಚೆ ಇಲ್ಲವೇ ಊಟ ಆಗಿ ಎರಡು ಗಂಟೆ ಬಿಟ್ಟು ತಗೋಬೇಕು. ಜಿಡ್ಡಿನ ಊಟದ ಜೊತೆ ತಗೊಂಡರೆ ಮೈಗೆ ಹಿಡಿಯುವುದು ಡಬ್ರಾಫೆನಿಬ್‌ನಲ್ಲಿ ಸುಮಾರು 31 ಪರ್ಸೆಂಟ್, ಟ್ರಾಮೆಟಿನಿಬ್‌ನಲ್ಲಿ 24 ಪರ್ಸೆಂಟ್ ಕಡಿಮೆಯಾಗುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ಔಷಧಿಯ ಕಾಲು ಭಾಗ ದೋಸೆ ತುಪ್ಪಕ್ಕೆ ಹೋದ ಹಾಗೆ ಅಲ್ವಾ? ಹಾಲು ಹಾಕಿದ ಕಾಫಿಯನ್ನೂ ತಿಂಡಿಯ ಲೆಕ್ಕಕ್ಕೇ ಸೇರಿಸಿ. ಅಪ್ಪ ಎದ್ದ ತಕ್ಷಣ, ಆರು ಗಂಟೆಗೆ ಅಂದುಕೊಳ್ಳಿ, ಬರೀ ನೀರಿನಲ್ಲಿ ಮಾತ್ರೆ ನುಂಗಲಿ. ಏಳಕ್ಕೆ ಕಾಫಿ, ತಿಂಡಿ. ಸಂಜೆ ಆರಕ್ಕೆ ಎರಡನೇ ಸಲ, ಏಳರ ಮೇಲೆ ಊಟ. ಆದರೆ ನಾಲ್ಕು ಗಂಟೆಯ ಮೇಲೆ ಚಹಾ, ಅವಲಕ್ಕಿ, ಚಕ್ಕುಲಿ ಅಂತ ಏನೂ ಬಾಯಿಗೆ ಹಾಕಬಾರದು. ತೋಟದಿಂದ ದಣಿದು ಬಂದವರಿಗೆ ಇದೇ ಕಷ್ಟದ ಹೊತ್ತು, ಆ ಎರಡು ಗಂಟೆ ನೀವೇ ನೋಡಿಕೊಳ್ಳಿ.

ಸಾಮಾನ್ಯ ಪ್ರಮಾಣ ಅಂದರೆ ಡಬ್ರಾಫೆನಿಬ್ 75 ಮಿಲಿಗ್ರಾಮಿನ ಕ್ಯಾಪ್ಸೂಲ್ ಬೆಳಿಗ್ಗೆ ಎರಡು, ಸಂಜೆ ಎರಡು, ನಡುವೆ ಹನ್ನೆರಡು ಗಂಟೆ. ಟ್ರಾಮೆಟಿನಿಬ್ 2 ಮಿಲಿಗ್ರಾಮಿನದು ದಿನಕ್ಕೆ ಒಂದೇ, ಇವುಗಳಲ್ಲಿ ಒಂದು ಹೊತ್ತಿನ ಜೊತೆ, ದಿನಾ ಅದೇ ಹೊತ್ತಿಗೆ. ಅಪ್ಪನ ಚೀಟಿಯಲ್ಲಿ ಬೇರೆ ಇದ್ದರೆ ಚೀಟಿಯೇ ಸರಿ, ನನ್ನ ಲೆಕ್ಕ ಅಲ್ಲ. ಮರೆತರೆ ಏನು ಮಾಡಬೇಕು ಅನ್ನುವುದು ಎರಡಕ್ಕೂ ಬೇರೆ ಬೇರೆ. ಡಬ್ರಾಫೆನಿಬ್ ಮರೆತು, ಮುಂದಿನ ಹೊತ್ತಿಗೆ ಇನ್ನೂ ಆರು ಗಂಟೆಗಿಂತ ಜಾಸ್ತಿ ಇದ್ದರೆ ತಗೊಳ್ಳಬಹುದು, ಇಲ್ಲದಿದ್ದರೆ ಬಿಟ್ಟುಬಿಡಿ. ಟ್ರಾಮೆಟಿನಿಬ್ ಆದರೆ ಹನ್ನೆರಡು ಗಂಟೆಗಿಂತ ಜಾಸ್ತಿ ಇರಬೇಕು. ನುಂಗಿದ ಮೇಲೆ ವಾಂತಿ ಆದರೆ ಮತ್ತೆ ಕೊಡಬೇಡಿ, ಮುಂದಿನ ಹೊತ್ತಿನದು ಸಾಕು. ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಜೇನಿನಲ್ಲಿ ಕಲಸುವುದು, ಬಾಳೆಹಣ್ಣಿನೊಳಗೆ ಇಟ್ಟು ಕೊಡುವುದು ಎರಡೂ ಬೇಡ. ನೀವು ಎತ್ತಿಕೊಡುವುದಾದರೆ ಗ್ಲೌಸ್ ಹಾಕಿಕೊಳ್ಳಿ. ಇಲ್ಲ ಅಂದರೆ ಡಬ್ಬಿಯ ಮುಚ್ಚಳದಿಂದ ನೇರ ಅಪ್ಪನ ಕೈಗೆ ಸುರಿದು, ಆಮೇಲೆ ಇಬ್ಬರೂ ಕೈ ತೊಳೆದುಕೊಳ್ಳಿ.

ಟ್ರಾಮೆಟಿನಿಬ್ ಡಬ್ಬಿ ಫ್ರಿಜ್‌ನಲ್ಲಿ ಇರಬೇಕು, 2ರಿಂದ 8 ಡಿಗ್ರಿ. ಮೇಲಿನ ಐಸ್ ಪೆಟ್ಟಿಗೆಯಲ್ಲಲ್ಲ, ಕೆಳಗೆ ಮೊಸರು ಇಡುವ ತಟ್ಟೆಯಲ್ಲಿ. ಡಬ್ಬಿಯೊಳಗೆ ಒಂದು ಚಿಕ್ಕ ತೇವ ಹೀರುವ ಡಬ್ಬಿ ಇರುತ್ತದೆ, ಅದನ್ನು ಬೇಡದ್ದು ಅಂತ ಎಸೆಯಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಹೇಗೆ ನೀರೊಡೆಯುತ್ತದೆ ಅಂತ ನಿಮಗೆ ಗೊತ್ತಲ್ಲ. ಸೋಮವಾರ, ಮಂಗಳವಾರ ಅಂತ ಖಾನೆ ಇರುವ ಪೆಟ್ಟಿಗೆಗೆ ಈ ಮಾತ್ರೆ ತುಂಬಿಡಬಾರದು ಅನ್ನುವುದೂ ಅದಕ್ಕೇ. ಡಬ್ರಾಫೆನಿಬ್‌ಗೆ ಫ್ರಿಜ್ ಬೇಡ.

ಅಮೃತಬಳ್ಳಿ ಕಷಾಯ ಇವತ್ತೇ ನಿಲ್ಲಿಸಿ. ಅದರಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಕೋವಿಡ್ ಸಮಯದಲ್ಲಿ ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ, ಈ ಮಾತ್ರೆಗಳಿಗೂ ಲಿವರ್ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ನಾಳೆ ರಿಪೋರ್ಟ್ ಕೆಟ್ಟರೆ ಯಾವುದರಿಂದ ಅಂತ ಹೇಳುವವರು ಯಾರು? ಕ್ಷಯದ ರಿಫಾಂಪಿಸಿನ್, ಮೂರ್ಛೆ ರೋಗದ ಫೆನಿಟೊಯಿನ್, ಕಾರ್ಬಮಜೆಪಿನ್ ಇವು ಡಬ್ರಾಫೆನಿಬ್‌ನ ಬಲ ಕುಗ್ಗಿಸುತ್ತವೆ. ಕ್ಲಾರಿಥ್ರೊಮೈಸಿನ್, ಕೀಟೊಕೊನಜೋಲ್ ಅದನ್ನು ಮೈಯಲ್ಲಿ ಜಾಸ್ತಿ ಉಳಿಸುತ್ತವೆ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರೂ ಮೊದಲೇ ಹೇಳಬೇಕು. ಸಕ್ಕರೆ ಏರುವುದೂ ಉಂಟು, ಮೊದಲಿಗಿಂತ ಆಗಾಗ ನೋಡಿಸಿ. ಜ್ವರದಲ್ಲಿ ಊಟ ಬಿಟ್ಟ ದಿನ ಸಕ್ಕರೆ ಮಾತ್ರೆ ಕೊಡಬೇಕಾ ಅಂತಲೂ ಆ ಫೋನಿನಲ್ಲೇ ಕೇಳಿಕೊಳ್ಳಿ.

ಕಣ್ಣು, ಹೃದಯ, ಚರ್ಮ ಮೂರನ್ನೂ ಮರೆಯಬೇಡಿ. ಹೃದಯದ ಎಕೋ ಶುರುವಿಗೆ ಮುಂಚೆ, ಒಂದು ತಿಂಗಳಿಗೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಆಗುತ್ತದೆ. ಉಸಿರು ಕಟ್ಟಿದರೆ, ಕಾಲು ಊದಿದರೆ ಆ ದಿನಕ್ಕೆ ಕಾಯಬಾರದು. ಹೊಸ ಗಂಟು, ನರುಳಿ, ವಾಸಿಯಾಗದ ಹುಣ್ಣು ಇದೆಯಾ ಅಂತ ಎರಡು ತಿಂಗಳಿಗೊಮ್ಮೆ ಚರ್ಮ ತೋರಿಸಬೇಕು, ಔಷಧಿ ಮುಗಿದ ಮೇಲೂ ಆರು ತಿಂಗಳು. ಕಣ್ಣಿಗೆ ಮನೆಯಲ್ಲೇ ಒಂದು ಪರೀಕ್ಷೆ ಹೇಳುತ್ತೇನೆ. ಗೋಡೆಯ ಕ್ಯಾಲೆಂಡರ್ ಮುಂದೆ ಅಪ್ಪನನ್ನು ನಿಲ್ಲಿಸಿ, ಒಂದು ಕಣ್ಣು ಅಂಗೈಯಿಂದ ಮುಚ್ಚಿ ತಾರೀಖು, ತಿಥಿ ಓದಿಸಿ, ಆಮೇಲೆ ಇನ್ನೊಂದು. ಒಂದು ಕಣ್ಣು ಮಂಜಾದರೆ ಇನ್ನೊಂದು ಕಣ್ಣು ಅದನ್ನು ಮುಚ್ಚಿಹಾಕುತ್ತದೆ, ಎಷ್ಟೋ ಜನಕ್ಕೆ ವಾರಗಟ್ಟಲೆ ಗೊತ್ತೇ ಆಗುವುದಿಲ್ಲ. ದೃಷ್ಟಿ ಇದ್ದಕ್ಕಿದ್ದಂತೆ ಮಸುಕಾದರೆ ಅವತ್ತೇ ಆಸ್ಪತ್ರೆ.

ಪ್ರಶ್ನೆ: ನನಗೆ 29. ಮುಂದಿನ ತಿಂಗಳು ಮದುವೆ. ಇದೇ ಎರಡು ಮಾತ್ರೆ ನಡೀತಾ ಇವೆ. ಮಗು ಸದ್ಯಕ್ಕೆ ಬೇಡ, ಗರ್ಭನಿರೋಧಕ ಮಾತ್ರೆ ತಗೊಂಡರೆ ಸಾಕಾ? ಡಾಕ್ಟರು ಗಂಡಸರು, ಕೇಳಕ್ಕೆ ಮುಜುಗರ. (ಹುಬ್ಬಳ್ಳಿ)

ಉತ್ತರ: ಸಾಲದು ತಂಗಿ. ಡಬ್ರಾಫೆನಿಬ್ ಆ ಮಾತ್ರೆಯ ಹಾರ್ಮೋನನ್ನು ಮೈಯಿಂದ ಬೇಗ ಕಳೆದುಬಿಡುತ್ತದೆ, ದಿನಾ ತಪ್ಪದೆ ತಗೊಂಡರೂ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ. ಈ ಔಷಧಿಗಳು ಹೊಟ್ಟೆಯ ಮಗುವಿಗೆ ಹಾನಿ ಮಾಡುವಂಥವು. ಹಾರ್ಮೋನ್ ಇಲ್ಲದ ದಾರಿ ಬೇಕು, ಕಾಪರ್ ಟಿ ಇಲ್ಲವೇ ಕಾಂಡೋಮ್. ಡಬ್ರಾಫೆನಿಬ್ ನಿಂತ ಮೇಲೂ ಎರಡು ವಾರ, ಟ್ರಾಮೆಟಿನಿಬ್ ನಿಂತ ಮೇಲೆ ನಾಲ್ಕು ತಿಂಗಳು ಇದೇ ಎಚ್ಚರ ಇರಲಿ. ಮುಜುಗರ ಅಂದಿರಿ, ಅರ್ಥವಾಗುತ್ತದೆ. ನರ್ಸ್ ಹತ್ತಿರ ಹೇಳಿ, ಸ್ತ್ರೀರೋಗ ತಜ್ಞೆಯ ಹತ್ತಿರ ಕಳಿಸಿಕೊಡಿ ಅಂತ ಕೇಳಿ. ಮುಂದೆ ಮಗು ಬೇಕು ಅನ್ನುವ ಮಾತನ್ನೂ ಅವರ ಮುಂದೆ ಈಗಲೇ ಇಡಿ. ಮದುವೆಯ ಓಡಾಟದಲ್ಲಿ ಮಾತ್ರೆಯ ಹೊತ್ತು ತಪ್ಪದ ಹಾಗೆ ಮನೆಯಲ್ಲಿ ಒಬ್ಬರಿಗೆ ಜವಾಬ್ದಾರಿ ಕೊಡಿ. ಚೆನ್ನಾಗಿರಿ.

ಪ್ರಶ್ನೆ: ಉಡುಪಿಯಲ್ಲಿ ಚಿಕಿತ್ಸೆ, ಕೆಲಸ ದುಬೈನಲ್ಲಿ. ಮೂರು ತಿಂಗಳ ಮಾತ್ರೆ ಒಯ್ಯುವುದು ಹೇಗೆ?

ಉತ್ತರ: ಕೈಚೀಲದಲ್ಲೇ ಒಯ್ಯಿರಿ, ಲಗೇಜಿಗೆ ಹಾಕಬೇಡಿ. ಬ್ಯಾಗು ಕಳೆದುಹೋದರೆ ಆ ಔಷಧಿ ಅಲ್ಲಿ ತಕ್ಷಣ ಸಿಗುವುದು ಕಷ್ಟ. ಟ್ರಾಮೆಟಿನಿಬ್ ಡಬ್ಬಿಯನ್ನು ಒಂದು ಬಟ್ಟೆಯಲ್ಲಿ ಸುತ್ತಿ ಜೆಲ್ ಪ್ಯಾಕ್ ಇರುವ ಚಿಕ್ಕ ಚೀಲದಲ್ಲಿಡಿ, ಐಸ್ ನೇರ ತಾಗಿ ಹೆಪ್ಪುಗಟ್ಟಬಾರದು. ಡಾಕ್ಟರ ಚೀಟಿ, ಆಸ್ಪತ್ರೆಯ ಪತ್ರ, ಅಂಗಡಿಯ ಬಿಲ್ಲು ಮೂರೂ ಜೊತೆಗಿರಲಿ. ಅಲ್ಲಿ ಇಳಿದ ಮೇಲೆ ಕಾರಿನಲ್ಲಿ ಮಾತ್ರ ಬಿಡಬೇಡಿ, ಆ ಬಿಸಿಲಿಗೆ ಅರ್ಧ ಗಂಟೆ ಸಾಕು. ಎಕೋ ಮತ್ತು ಚರ್ಮದ ತಪಾಸಣೆಯ ತಾರೀಖು ಮೂರು ತಿಂಗಳೊಳಗೆ ಬಂದೇ ಬರುತ್ತದೆ, ಅಲ್ಲಿ ಎಲ್ಲಿ ಮಾಡಿಸುವುದು ಅಂತ ಹೊರಡುವ ಮುಂಚೆಯೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ಯಜಮಾನರು ಹೋಗಿ ಎರಡು ತಿಂಗಳಾಯಿತು. ಅವರ ಮಾತ್ರೆ ಒಂದು ಡಬ್ಬಿ ಒಡೆಯದೇ ಇದೆ, ಇನ್ನೊಂದರಲ್ಲಿ ಅರ್ಧ ಇದೆ. ಆಸ್ಪತ್ರೆಯಲ್ಲಿ ಪರಿಚಯವಾದ ಒಬ್ಬ ತಾಯಿ, ಮಗನಿಗೆ ಅದೇ ಕಾಯಿಲೆ, ಕೊಳ್ಳಲು ಶಕ್ತಿ ಇಲ್ಲ ಅಂದಿದ್ದರು. ಅವರಿಗೆ ಕೊಟ್ಟುಬಿಡಲಾ? ಮನೆಯಲ್ಲಿ ನೋಡಿದಾಗೆಲ್ಲ ಸಂಕಟ ಆಗುತ್ತೆ. (ತುಮಕೂರು)

ಉತ್ತರ: ನಿಮ್ಮ ದುಃಖದಲ್ಲೂ ಇನ್ನೊಬ್ಬರ ಮಗನ ನೆನಪಾಗಿದೆ. ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಆದರೂ ನೇರವಾಗಿ ಅವರ ಕೈಗೆ ಕೊಡಬೇಡಿ ಅಮ್ಮ. ಕಾಯಿಲೆಯ ಹೆಸರು ಒಂದೇ ಆದರೂ ಒಳಗೆ ಅದು ಒಂದೇ ಅಲ್ಲ. ಗಡ್ಡೆಯಲ್ಲಿ ಬ್ರಾಫ್ ಅನ್ನುವ ಜೀನ್ ಒಂದು ನಿರ್ದಿಷ್ಟ ಜಾಗದಲ್ಲಿ ಬದಲಾಗಿದ್ದರೆ ಮಾತ್ರ ಈ ಮಾತ್ರೆ ಕೆಲಸಕ್ಕೆ ಬರುತ್ತದೆ. ಅಂಗಾಲು, ಅಂಗೈ, ಉಗುರಿನ ಕೆಳಗಿನ ಮೆಲನೋಮಗಳಲ್ಲಿ ಆ ಬದಲಾವಣೆ ಇಲ್ಲದವರೇ ಜಾಸ್ತಿ. ಬದಲಾವಣೆ ಇಲ್ಲದವರಿಗೆ ಡಬ್ರಾಫೆನಿಬ್ ಕೊಟ್ಟರೆ ಪ್ರಯೋಜನ ಆಗುವುದು ಹೋಗಲಿ, ಕ್ಯಾನ್ಸರ್ ಕೋಶಗಳು ಇನ್ನೂ ಚುರುಕಾಗಬಹುದು. ಆ ಹುಡುಗನ ಬಯಾಪ್ಸಿ ರಿಪೋರ್ಟ್‌ನಲ್ಲಿ ಏನಿದೆ ಅಂತ ನಿಮಗೂ ನನಗೂ ಗೊತ್ತಿಲ್ಲ, ಅವನ ಡಾಕ್ಟರಿಗೆ ಗೊತ್ತು.

ಹೀಗೆ ಮಾಡಿ. ಒಡೆಯದ ಡಬ್ಬಿ ಮತ್ತು ಅದರ ಬಿಲ್ಲು ತಗೊಂಡು ನಿಮ್ಮ ಆಸ್ಪತ್ರೆಯ ಔಷಧ ವಿಭಾಗಕ್ಕೆ ಹೋಗಿ. ಟ್ರಾಮೆಟಿನಿಬ್ ಆಗಿದ್ದರೆ ಇಷ್ಟು ದಿನವೂ ಫ್ರಿಜ್‌ನಲ್ಲೇ ಇತ್ತಾ, ನಡುವೆ ಎಷ್ಟು ಹೊತ್ತು ಕರೆಂಟ್ ಹೋಗಿತ್ತು, ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿ. ವಾಪಸ್ ತಗೊಳ್ಳಬಹುದಾ ಅನ್ನುವುದನ್ನು ಅವರೇ ಹೇಳುತ್ತಾರೆ. ಆ ತಾಯಿಯನ್ನು ಅದೇ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಹತ್ತಿರ ಕರೆದುಕೊಂಡು ಹೋಗಿ. ಔಷಧಿ ಕಂಪನಿಗಳ ನೆರವಿನ ಯೋಜನೆ, ಸರ್ಕಾರದ ಯೋಜನೆ, ದಾನಿಗಳು ಅಂತ ಯಾವ ಬಾಗಿಲು ತಟ್ಟಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಒಬ್ಬರೇ ಹೋಗಿ ಕೇಳಲು ಆಗದೆ ಎಷ್ಟೋ ಜನ ವಾಪಸ್ ಬಂದುಬಿಡುತ್ತಾರೆ, ಪಕ್ಕದಲ್ಲಿ ನೀವಿದ್ದರೆ ಕೇಳುತ್ತಾರೆ.

ಅರ್ಧ ಇರುವ ಡಬ್ಬಿ ಇನ್ನು ಯಾರಿಗೂ ಕೊಡುವಂಥದ್ದಲ್ಲ. ಕಸದ ಬುಟ್ಟಿಗೆ, ಬಚ್ಚಲಿಗೆ, ತೋಟದ ಗುಂಡಿಗೆ ಹಾಕಬೇಡಿ. ಮುಚ್ಚಳ ಬಿಗಿ ಮಾಡಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದೇ ಕೌಂಟರಿಗೆ ಕೊಟ್ಟು ಬನ್ನಿ. ಹೋಗುವಾಗ ಮನೆಯವರು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.