ಮುಂಗುರುಳು ಉಳಿಸುವ ಬಗೆ

ಪ್ರಶ್ನೆ: ವಧುವಿನ ಫೋಟೊದ ಹಿನ್ನೆಲೆ ಅಳಿಸಿ ಗದುಗಿನ ವೀರನಾರಾಯಣ ಗುಡಿಯನ್ನು ಕೂರಿಸಿದೆ. ಮುಂಗುರುಳೆಲ್ಲ ಕತ್ತರಿ ಆಡಿಸಿದಂತಾಗಿದೆ. ಏನು ಮಾಡಲಿ?
— ಓದುಗ, ಬೆಟಗೇರಿ

ಉತ್ತರ: ಅಳಿಸಿದ್ದೇ ತಪ್ಪು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸ್ಟುಡಿಯೊ ಇಟ್ಟ ಹೊಸತರಲ್ಲಿ ನಾನೂ ಹೀಗೆ ಮಾಡಿ ಬೀಗರಿಂದ ಬೈಸಿಕೊಂಡವನೇ. ಫೋಟೊಶಾಪ್‌ನಲ್ಲಿ ವಧುವಿನ ಆಕೃತಿಯನ್ನು ಆಯ್ಕೆ ಮಾಡಿದ ಮೇಲೆ ಲೇಯರ್ ಮಾಸ್ಕ್, ಅಂದರೆ ಚಿತ್ರದ ಬೇಡದ ಭಾಗವನ್ನು ಮರೆಮಾಡುವ ಮುಸುಕು, ಹಾಕಿ. ಹಿನ್ನೆಲೆ ಅಡಗುತ್ತದೆ, ಅಳಿಯುವುದಿಲ್ಲ. ಮಾಸ್ಕ್ ಮೇಲೆ ಕಪ್ಪು ಬಳಿದರೆ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ, ಬೂದು ಬಳಿದರೆ ಅರೆಬರೆ ಕಾಣುತ್ತದೆ. ಕೂದಲಿಗೆ ಬೇಕಾದದ್ದು ಈ ಬೂದೇ! ಸೆಲೆಕ್ಟ್ ಆ್ಯಂಡ್ ಮಾಸ್ಕ್‌ ಎಂಬ ಕಿಟಕಿಯಲ್ಲಿ, ಅಂಚನ್ನು ನವಿರಾಗಿಸುವ ರಿಫೈನ್ ಎಡ್ಜ್ ಬ್ರಷ್ಷನ್ನು ಕೂದಲಿನ ಅಂಚಿಗೆ ಮಾತ್ರ ಆಡಿಸಿ. ಸೀರೆಯ ಅಂಚಿಗೆ ಬೇಡ, ಅಲ್ಲಿ ಗೆರೆ ಗಟ್ಟಿಯಾಗಿಯೇ ಇರಲಿ. ಹಳೆಯ ಹಿನ್ನೆಲೆಯ ಬಣ್ಣ ಕೂದಲಿಗೆ ಅಂಟಿದ್ದರೆ ಅದೇ ಕಿಟಕಿಯ ಡಿಕಂಟಾಮಿನೇಟ್ ಕಲರ್ಸ್ ಆಯ್ದುಕೊಳ್ಳಿ. ಮೂಲ ಫೈಲನ್ನು ಇಟ್ಟುಕೊಂಡಿದ್ದೀರಿ ತಾನೆ?