ಮರದ ದೋಣಿಗೆ ಹಚ್ಚಿದ ಇನಾಮೆಲ್ ಬಣ್ಣ ಬ್ರಶ್ ಗೆರೆ ಕಾಣದಂತೆ ನುಣುಪಾಗಿ ಹೊಳೆಯಬೇಕಾದರೆ ಏನು ಮಾಡಬೇಕು?

ಹೊಳಪಿನ ಬಣ್ಣ ಕೆಳಗಿನ ಗೀರುಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಹಾಗಾಗಿ ಹೆಚ್ಚಿನ ಸಮಯ ಉಜ್ಜುವುದಕ್ಕೇ ಕೊಡಿ. ಮರ ಪೂರ್ತಿ ಒಣಗಿರಲಿ. ಪ್ರೈಮರ್ (ಬರಿ ಮರಕ್ಕೆ ಮೊದಲು ಹಚ್ಚುವ ತಳಬಣ್ಣ), ಅಂಡರ್‌ಕೋಟ್ (ಅದರ ಮೇಲೆ, ಇನಾಮೆಲ್‌ಗೆ ಮುಂಚೆ ಹಚ್ಚುವ ಬಣ್ಣ) ಆದ ಮೇಲೆ 220, ಆಮೇಲೆ 320 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಟರ್ಪೆಂಟೈನ್ ಬಟ್ಟೆಯಿಂದ ಧೂಳು ಒರೆಸಿ.

ಬಣ್ಣ ಹಚ್ಚುವಾಗ ಇಬ್ಬರಿದ್ದರೆ ತುಂಬಾ ಅನುಕೂಲ. ಒಬ್ಬರು ಫೋಮ್ ರೋಲರಿನಿಂದ ಎರಡೆರಡು ಅಡಿ ಜಾಗಕ್ಕೆ ತೆಳ್ಳಗೆ ಹಚ್ಚುತ್ತಾ ಹೋಗಲಿ, ಇನ್ನೊಬ್ಬರು ಹಿಂದೆಯೇ ಮೆತ್ತನೆಯ ಬ್ರಶ್ಶಿನ ತುದಿಯನ್ನು ಒತ್ತದೆ, ಸುಮ್ನೆ ಸವರಿದ ಹಾಗೆ, ಮೊದಲು ಹಚ್ಚಿದ ಹಸಿ ಅಂಚಿನ ಕಡೆಗೆ ಎಳೆಯಲಿ. ಆಗ ರೋಲರಿನ ಗುಳ್ಳೆಗಳು ಒಡೆದು ಬಣ್ಣ ತಾನಾಗಿಯೇ ಸಮನಾಗುತ್ತದೆ. ಎಳೆದ ಜಾಗಕ್ಕೆ ಮತ್ತೆ ಕೈ ಹಾಕಬೇಡಿ, ಎಷ್ಟೇ ಆಸೆಯಾದರೂ! ಬ್ರಶ್ ಅಂಟಿಕೊಂಡು ಎಳೆಯುತ್ತಿದ್ದರೆ ಡಬ್ಬದ ಮೇಲೆ ಹೇಳಿರುವ ಥಿನ್ನರ್ ಚೂರು ಸೇರಿಸಿ.

ನಮ್ಮ ಕರಾವಳಿಯಲ್ಲಿ ಹೊತ್ತು ನೋಡುವುದೂ ಮುಖ್ಯ. ಮಧ್ಯಾಹ್ನದ ಬಿಸಿಲಿಗೆ ಬಣ್ಣ ಹರಡುವ ಮೊದಲೇ ಒಣಗುತ್ತದೆ, ಸಂಜೆ ಹಚ್ಚಿದರೆ ಇಬ್ಬನಿ ಬಿದ್ದು ಹೊಳಪು ಮಂಕಾಗುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ನೆರಳಿನಲ್ಲಿ ಶುರು ಮಾಡಿ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಕೋಟು ಒಳ್ಳೆಯದು, ಬಣ್ಣ ಇಳಿದು ಗೆರೆ ಬೀಳುವುದಿಲ್ಲ. ನಡುನಡುವೆ, ಪೂರ್ತಿ ಒಣಗಿದ ಮೇಲೆ, 320ರಲ್ಲಿ ಹಗುರವಾಗಿ ಉಜ್ಜಿ ಒರೆಸಿ.